ಒಂದನೇ ಕ್ಲಾಸಿನ ಅ-ಆ ಬಿಡಿ, ನಾಲ್ಕನೇ ಕ್ಲಾಸು ನೋಡಿ

ನಮಸ್ಕಾರ. ಶಾಲೆ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಸರ್ಕಾರಿ ಶಾಲೆಗಳ ಗೇಟಿನ ಹತ್ತಿರ ಒಂದು ದೂರು ಕೇಳಿಬರುತ್ತದೆ. "ಮೇಷ್ಟ್ರೇ, ನಮ್ಮ ಹುಡುಗನಿಗೆ ಇನ್ನೂ ಅ ಆ ಇ ಈ ಬರಲ್ಲ. ಏನು ಕಲಿಸ್ತಾ ಇದ್ದೀರಿ?"

ಬರಲ್ಲ, ನಿಜ. ಆದರೆ ಅದೇ ಹುಡುಗ 'ಗರಗಸ' ಅಂತ ಓದುತ್ತಾನೆ. ಸರ್ಕಾರಿ ಶಾಲೆಗಳ ಮೊದಲ ಮೂರು ಕ್ಲಾಸಿಗಿರುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಶುರುವಾಗುವುದೇ ರ, ಗ, ಸ, ದ, ಅ ಅಂತ. ಈ ಐದರಲ್ಲೇ ಸರ, ದರ, ಅರಸ, ಅಗಸ ಎಲ್ಲ ಸಿಗುತ್ತವೆ. ದೀರ್ಘ ಬೇಡ, ಕೊಂಬು ಬೇಡ, ಒತ್ತಕ್ಷರವಂತೂ ಬೇಡವೇ ಬೇಡ. ವರ್ಣಮಾಲೆಯ ಸಾಲು ಹಿಡಿದು ಹೋದರೆ ಅಃ ಮುಗಿಯುವವರೆಗೆ ಮಗುವಿಗೆ ಓದಲು ಏನು ಸಿಗುತ್ತದೆ ಹೇಳಿ? 'ಆ', 'ಈ' ಬಿಟ್ಟರೆ ಹೆಚ್ಚೇನೂ ಇಲ್ಲ, ಅಲ್ವಾ?

ಇದು ನಿನ್ನೆ ಮೊನ್ನೆ ಬಂದ ಪ್ರಯೋಗವೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆ ನೋಡಿ ಬಂದು, ಇಲ್ಲಿಗೆ ಹೊಂದುವಂತೆ ಮಾಡಿಕೊಂಡ ಪದ್ಧತಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ, ಒಂದೊಂದು ಚಟುವಟಿಕೆಯ ಕಾರ್ಡು ಹಿಡಿದು ಕೂರುತ್ತಾರೆ. ಯಾವ ಕಾರ್ಡಿನ ನಂತರ ಯಾವುದು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿಗೆ ಕಲಿಕಾ ಏಣಿ ಅಂತಾರೆ. ಕನ್ನಡಕ್ಕೆ ಒಂದು ಏಣಿ, ಗಣಿತಕ್ಕೆ ಇನ್ನೊಂದು. ಇಂಗ್ಲಿಷ್ ಕೂಡ ಒಂದನೇ ಕ್ಲಾಸಿನಿಂದಲೇ ಇದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ವಿಷಯ ಬೇರೆ. ಜಾತ್ರೆಗೋ, ಅಜ್ಜಿ ಮನೆಗೋ ಹೋಗಿ ವಾರ ಬಿಟ್ಟು ಬಂದ ಮಗು ಎಲ್ಲಿ ನಿಲ್ಲಿಸಿತ್ತೋ ಅದೇ ಕಾರ್ಡಿನಿಂದ ಮುಂದೆ ಹೋಗುತ್ತದೆ. ಅಪ್ಪ ಅಮ್ಮ ಕೂಲಿಗೆ ಊರೂರು ತಿರುಗುವ ಮನೆಯ ಮಗುವಿಗೆ ಇದು ಎಷ್ಟು ದೊಡ್ಡ ಅನುಕೂಲ, ಯೋಚನೆ ಮಾಡಿ. ಎಲ್ಲ ಕಡೆ ಹೀಗೇ ನಡೆಯುತ್ತದೆ ಅಂತ ನಾನು ಹೇಳಲ್ಲ. ಮೂರು ಕ್ಲಾಸಿಗೆ ಒಬ್ಬರೇ ಟೀಚರ್, ಜೊತೆಗೆ ಹಾಲಿನ ಪುಡಿ, ಮೊಟ್ಟೆ ಲೆಕ್ಕ. ಏಣಿ ಗೋಡೆ ಮೇಲೆ ಸುಮ್ನೆ ನೇತಾಡುವ ಶಾಲೆಗಳೂ ಇವೆ.

ಆದರೆ ನಿಜವಾದ ತೊಂದರೆ ಇರುವುದು ನಾಲ್ಕನೇ ಕ್ಲಾಸಿನಲ್ಲಿ. ಅಲ್ಲಿ ಯಾರೂ ಗೇಟಿನ ಹತ್ತಿರ ಬಂದು ಕೇಳುವುದಿಲ್ಲ. ಮೇ ತಿಂಗಳ ಕೊನೆಗೆ ಶಾಲೆ ಬಾಗಿಲು ತೆಗೆದಾಗ ಕಾರ್ಡು ಮಾಯ, ಏಣಿ ಮಾಯ. ಕೈಗೆ ಪಠ್ಯಪುಸ್ತಕ. ಗಣಿತದಲ್ಲಿ ಸುತ್ತಳತೆ, ವಿಸ್ತೀರ್ಣ, ನಾಲ್ಕಂಕಿ ಸಂಖ್ಯೆ. ಪರಿಸರ ಅಧ್ಯಯನದಲ್ಲಿ ಪುಟಗಟ್ಟಲೆ ಓದು. ಇವತ್ತು ಬರದ ಮಗುವಿಗೆ ಇವತ್ತಿನ ಪಾಠ ತಪ್ಪಿತು, ಅಷ್ಟೇ. ಕನ್ನಡ ತಡವರಿಸಿ ಓದುವ ಮಗು ಗಣಿತದಲ್ಲೂ ಸೋಲುತ್ತದೆ. ಕೂಡಿಸಲು ಬರದೆ ಅಲ್ಲ, 'ಹೊಲದ ಸುತ್ತ ಬೇಲಿ ಹಾಕಲು ಎಷ್ಟು ಮೀಟರ್ ತಂತಿ ಬೇಕು' ಅನ್ನುವ ಸಾಲು ಓದಲು ಬರದೆ. ನಾವು ಮಾತ್ರ 'ಗಣಿತದಲ್ಲಿ ವೀಕು' ಅಂತ ಹಣೆಪಟ್ಟಿ ಹಚ್ಚಿಬಿಡುತ್ತೇವೆ.

ಇದಕ್ಕೆ ಸೇತುಬಂಧ ಇದೆಯಲ್ಲ ಅಂತೀರಿ. ಇದೆ. ವರ್ಷದ ಶುರುವಿನಲ್ಲಿ ಒಂದು ಪರೀಕ್ಷೆ, ಕೆಲವು ದಿನ ಹಳೆಯದರ ಅಭ್ಯಾಸ, ಆಮೇಲೆ ಕಲಿತರೋ ಇಲ್ಲವೋ ನೋಡಲು ಸಾಫಲ್ಯ ಪರೀಕ್ಷೆ. ಫೈಲು ಮುಚ್ಚಿತು, ಪೋರ್ಷನ್ ಓಡಿತು. ಮೂರು ವರ್ಷ ತನ್ನ ವೇಗದಲ್ಲಿ ಕಲಿತ ಮಗುವಿಗೆ ಅಷ್ಟು ದಿನ ಎಲ್ಲಿ ಸಾಕು? ನನ್ನ ಕೇಳಿದರೆ ನಾಲ್ಕನೇ ಕ್ಲಾಸಿಗೆ ದಸರಾ ರಜೆಯವರೆಗಿನ ಮೊದಲ ಅವಧಿ ಪೂರ್ತಿ ಸೇತುಬಂಧವೇ ಆಗಬೇಕು. ಪುಸ್ತಕ ಇರಲಿ, ಪಕ್ಕದಲ್ಲಿ ಕಾರ್ಡೂ ಇರಲಿ. ಎರಡು ಪಾಠ ಕಡಿಮೆ ಆದರೆ ಆಗಲಿ ಬಿಡಿ.

ಇಲಾಖೆ ಇದನ್ನು ಮಾಡುವವರೆಗೆ ನೀವೊಂದು ಕೆಲಸ ಮಾಡಬಹುದು. ದಸರಾ ರಜೆಗೆ ಮುಂಚೆ ಪೋಷಕರ ಸಭೆ ಕರೆದರೆ 'ಎಷ್ಟು ಪಾಠ ಆಯ್ತು' ಅಂತ ಕೇಳಬೇಡಿ. ಗಣಿತದ ಪುಸ್ತಕ ತೆಗೆದು, ಮಗಳ ಕೈಲಿ ಒಂದು ಲೆಕ್ಕದ ಸಾಲು ಜೋರಾಗಿ ಓದಿಸಿ. ತಡವರಿಸಿದರೆ ಬೈಯಬೇಡಿ. ಟೀಚರ್‌ಗೆ ಹೇಳಿ, ಮೂರನೇ ಕ್ಲಾಸಿನ ಕಾರ್ಡು ಮತ್ತೆ ತೆಗೆಯೋಣ ಅಂತ.