ಜಮೈಕಾದಲ್ಲಿ ಪೊಲೀಸರ ಮಾತನ್ನ ಜನ ಎಷ್ಟು ನಂಬ್ತಾರೆ?

ಎಲ್ರಿಗೂ ನಮಸ್ಕಾರ. ಭಾನುವಾರ ಸಾಯಂಕಾಲ ಮನೆ ಬಿಟ್ಟು ಇಷ್ಟು ಜನ ಬಂದಿದ್ದೀರ, ತುಂಬಾ ಖುಷಿಯಾಯ್ತು. ನಾನು 2015ರಿಂದ 2019ರ ತನಕ ಜಮೈಕಾದ ಮಾಂಟೆಗೊ ಬೇ ಊರಲ್ಲಿ ಒಂದು ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡ್ದೋನು. ಅಲ್ಲಿ ಕಂಡಿದ್ದು, ಅಲ್ಲಿನ ಜನರ ಹತ್ರ ಕೇಳಿದ್ದು, ಆಮೇಲೆ ಕುತೂಹಲಕ್ಕೆ ಕೂತು ಓದಿದ್ದು, ಇಷ್ಟೂ ಸೇರಿಸಿ ಇವತ್ತು ಮಾತಾಡ್ತೀನಿ. ವಿಷಯ ಆ ದೇಶದ ಪೊಲೀಸರ ಬಗ್ಗೆ ಅಲ್ಲಿನ ಜನಕ್ಕೆ ಇರೋ ಅಭಿಪ್ರಾಯ.

ನಿಮಗೆಲ್ಲ ನೆನಪಿರೋ ಒಂದು ಘಟನೆಯಿಂದ ಶುರು ಮಾಡ್ತೀನಿ. 2007ರ ವರ್ಲ್ಡ್ ಕಪ್, ಮಾರ್ಚ್ 17. ನಮ್ಮ ದ್ರಾವಿಡ್ ಕ್ಯಾಪ್ಟನ್, ಟ್ರಿನಿಡಾಡ್‌ನಲ್ಲಿ ಬಾಂಗ್ಲಾದೇಶದ ಎದುರು ಸೋತ್ವಿ, ಅವತ್ತು ರಾತ್ರಿ ನಮ್ಮ ಬೀದೀಲಿ ಯಾರೂ ಸರಿಯಾಗಿ ಊಟ ಮಾಡಿರ್ಲಿಲ್ಲ. ಅದೇ ದಿನ ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ಪಾಕಿಸ್ತಾನ ಐರ್ಲೆಂಡ್ ಕೈಲಿ ಸೋತಿತ್ತು. ಮಾರನೇ ಬೆಳಿಗ್ಗೆ ಪಾಕಿಸ್ತಾನದ ಕೋಚ್ ಬಾಬ್ ವೂಲ್ಮರ್ ಹೋಟೆಲ್ ರೂಮಲ್ಲಿ ಪ್ರಜ್ಞೆ ಇಲ್ದೆ ಬಿದ್ದಿದ್ರು, ಅವತ್ತೇ ತೀರ್ಕೊಂಡ್ರು. ನಾಲ್ಕೇ ದಿನಕ್ಕೆ ಜಮೈಕಾ ಪೊಲೀಸರು ಪ್ರಪಂಚದ ಕ್ಯಾಮೆರಾಗಳ ಮುಂದೆ ನಿಂತು ಇದು ಕೊಲೆ, ಕತ್ತು ಹಿಸುಕಿ ಸಾಯಿಸಿದ್ದಾರೆ ಅಂದ್ರು. ಜೂನ್‌ನಲ್ಲಿ ಅದೇ ಇಲಾಖೆ ಕೊಲೆ ಅಲ್ಲ, ಸಹಜ ಸಾವು ಅಂತು. ನವೆಂಬರ್‌ನಲ್ಲಿ ವಿಚಾರಣೆ ಮಾಡಿದ ಜ್ಯೂರಿ ಹೀಗೇ ಸತ್ರು ಅಂತ ಹೇಳಕ್ಕಾಗಲ್ಲ ಅಂತ ಓಪನ್ ವರ್ಡಿಕ್ಟ್ ಕೊಡ್ತು. ನಾವು ಅದನ್ನ ಕ್ರಿಕೆಟ್ ಸುದ್ದಿ ಥರ ನೋಡಿ ಮರೆತ್ವಿ. ಆದ್ರೆ ಒಂದು ಸಾವು ಆದ್ಮೇಲೆ ಪೊಲೀಸರು ಒಂದು ಹೇಳೋದು, ಆಮೇಲೆ ಇನ್ನೊಂದು ಬರೋದು, ಜಮೈಕಾದ ಬಡವರ ಕೇರಿಗಳಿಗೆ ತಲೆತಲಾಂತರದಿಂದ ಗೊತ್ತಿರೋ ವಿಷಯ.

ಈ ಪೊಲೀಸ್ ಪಡೆಯ ಹುಟ್ಟೇ ಹಾಗಿದೆ. 1865ರ ಅಕ್ಟೋಬರ್‌ನಲ್ಲಿ ಮೊರಾಂಟ್ ಬೇ ಅನ್ನೋ ಊರಲ್ಲಿ ಪಾಲ್ ಬೋಗಲ್ ಅನ್ನೋ ಚರ್ಚ್ ಹಿರಿಯನ ಜೊತೆ ಬಡ ಕರಿಯರು ನ್ಯಾಯ ಕೇಳೋಕೆ ಕೋರ್ಟ್ ಹತ್ರ ಹೋದ್ರು, ಗಲಾಟೆ ಆಯ್ತು, ಎರಡೂ ಕಡೆ ಹೆಣ ಬಿತ್ತು. ಗವರ್ನರ್ ಐರ್ ಮಿಲಿಟರಿ ಕಾನೂನು ಹಾಕಿ 400ಕ್ಕೂ ಹೆಚ್ಚು ಜನರನ್ನ ಸಾಯಿಸಿದ, ನೂರಾರು ಜನಕ್ಕೆ ಚಾಟಿ ಏಟು, ಸುಮಾರು ಸಾವಿರ ಮನೆಗೆ ಬೆಂಕಿ, ಬೋಗಲ್‌ನ ನೇಣಿಗೆ ಹಾಕಿದ್ರು. ಇದಾಗಿ ಎರಡು ವರ್ಷಕ್ಕೆ, 1867ರಲ್ಲಿ, ಜಮೈಕಾ ಕಾನ್‌ಸ್ಟಾಬ್ಯುಲರಿ ಫೋರ್ಸ್ ಶುರುವಾಯ್ತು, ಐರ್ಲೆಂಡನ್ನ ಹತೋಟೀಲಿ ಇಡೋಕೆ ಬ್ರಿಟಿಷರು ಕಟ್ಟಿದ್ದ ಪೊಲೀಸ್ ಪಡೆಯ ಮಾದರಿಯಲ್ಲಿ. ಅಂದ್ರೆ ಜನ ಮತ್ತೆ ತಲೆ ಎತ್ತದ ಹಾಗೆ ನೋಡ್ಕೊಳ್ಳೋಕೆ ಕಟ್ಟಿದ ಪಡೆ. ಇವತ್ತಿಗೂ ಅದೇ ಹೆಸರು, ಪ್ಯಾಂಟಿನ ಪಕ್ಕದಲ್ಲಿ ಇಳಿಯೋ ಕೆಂಪು ಪಟ್ಟಿ. ಆ ಪಟ್ಟಿ ನೋಡೇ ಅಲ್ಲಿ ಜನ ಪೊಲೀಸರಿಗೆ ರೆಡ್ ಸೀಮ್ ಅಂತಾರೆ. ರಾಸ್ತಾಫಾರಿ ಅನ್ನೋ ಅಲ್ಲಿನ ಧರ್ಮದವರು ಬ್ಯಾಬಿಲಾನ್ ಅಂತಾರೆ, ಬೈಬಲ್‌ನಲ್ಲಿ ದೇವರ ಜನರನ್ನ ಸೆರೆಯಲ್ಲಿಟ್ಟ ರಾಜ್ಯದ ಹೆಸರು ಅದು. ಬೀದೀಲಿ ಜೀಪ್ ಬಂತು ಅಂದ್ರೆ ಮಕ್ಕಳು ಸಹ ಬ್ಯಾಬಿಲಾನ್ ಅಂತ ಕೂಗಿ ಓಡ್ತಿದ್ವು, ನಾನೇ ಕೇಳಿದೀನಿ.

ಇಲ್ಲಿ ನಮಗೂ ಅವರಿಗೂ ಇರೋ ಒಂದು ಸಂಬಂಧ ಹೇಳ್ಬೇಕು. ಅಲ್ಲೂ ಗಾಂಜಾಗೆ ಗಾಂಜಾ ಅಂತಾನೇ ಹೆಸರು, ಯಾಕಂದ್ರೆ 1845ರಿಂದ ಕಬ್ಬಿನ ಗದ್ದೆ ಕೂಲಿಗೆ ಅಂತ ಭಾರತದಿಂದ ಕರ್ಕೊಂಡು ಹೋದ ಜನರ ಜೊತೆ ಹೋದ ಪದ ಅದು. 1913ರಲ್ಲಿ ಅಲ್ಲಿ ಗಾಂಜಾ ವಿರುದ್ಧ ಕಾನೂನು ಬಂತು. ಆಮೇಲೆ ನೂರು ವರ್ಷ ಬಡ ಹುಡುಗರಿಗೂ ಪೊಲೀಸರಿಗೂ ಮುಖಾಮುಖಿ ಆಗೋದು ಅಂದ್ರೆ ಹೆಚ್ಚಾಗಿ ಜೇಬಲ್ಲಿರೋ ಒಂದು ಬೀಡಿಯ ವಿಷಯಕ್ಕೆ. ನಾನು ಹೋಗೋ ಹಿಂದಿನ ವರ್ಷ, 2014ರ ಆಗಸ್ಟ್‌ನಲ್ಲಿ, ಅದೇ ಮಾಂಟೆಗೊ ಬೇಯಲ್ಲಿ ಮಾರಿಯೋ ಡೀನ್ ಅನ್ನೋ ಕಟ್ಟಡ ಕೆಲಸದ ಹುಡುಗನ್ನ ಒಂದು ಗಾಂಜಾ ಬೀಡಿಗೆ ಅಂತ ಹಿಡಿದು ಲಾಕಪ್‌ಗೆ ಹಾಕಿದ್ರು, ಒಳಗೆ ಏಟು ಬಿದ್ದು ಆಗಸ್ಟ್ 6ನೇ ತಾರೀಕು ಆಸ್ಪತ್ರೆಯಲ್ಲಿ ಸತ್ತ. ಆಗಸ್ಟ್ 6 ಅವರ ಸ್ವಾತಂತ್ರ್ಯ ದಿನ. ದೇಶಾನೇ ಕುದೀತು. 2015ರಲ್ಲಿ ಕಾನೂನು ಬದಲಾಗಿ ಎರಡು ಔನ್ಸ್ ತನಕ ಸಿಕ್ರೆ ಅರೆಸ್ಟ್ ಇಲ್ಲ, 500 ಜಮೈಕನ್ ಡಾಲರ್ ದಂಡದ ಚೀಟಿ ಅಷ್ಟೇ ಅಂತ ಆಯ್ತು. ಬದಲಾವಣೆಗೆ ಬೇರೆ ಕಾರಣಗಳೂ ಇದ್ವು, ಆದ್ರೆ ನಮ್ಮ ಆಫೀಸಲ್ಲಿ ಯಾರನ್ನ ಕೇಳಿದ್ರೂ ಅವನ ಹೆಸರೇ ಹೇಳೋರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಜಮೈಕಾದಲ್ಲಿ ಪೊಲೀಸ್ ಗುಂಡಿಗೆ ಒಬ್ಬ ಸತ್ತ ಅಂದ್ರೆ ಮಾರನೇ ದಿನ ಪೇಪರ್‌ನಲ್ಲಿ ಬರೋ ಹೇಳಿಕೆ ಓದಿ ಓದಿ ನನಗೆ ಬಾಯಿಪಾಠ ಆಗೋಗಿತ್ತು. ಬೆಳಗಿನ ಜಾವ ತಂಡ ಹೋಯ್ತು, ಒಳಗಿಂದ ಗುಂಡು ಹಾರಿಸಿದ್ರು, ತಂಡ ತಿರುಗಿ ಗುಂಡು ಹಾರಿಸಿತು, ಆಮೇಲೆ ನೋಡಿದ್ರೆ ಒಬ್ಬ ಗಾಯಗೊಂಡು ಬಿದ್ದಿದ್ದ, ಪಕ್ಕದಲ್ಲಿ ಒಂದು ಪಿಸ್ತೂಲು ಸಿಕ್ತು. ಊರು ಬೇರೆ, ಹೆಸರು ಬೇರೆ, ವಾಕ್ಯ ಹೆಚ್ಚುಕಡಿಮೆ ಅದೇ. ಅದೇ ದಿನ ಮಧ್ಯಾಹ್ನ ಆ ಕೇರಿ ಹೆಂಗಸರು ರಸ್ತೆಗೆ ಮರದ ದಿಮ್ಮಿ, ಹಳೇ ಫ್ರಿಜ್ಜು ಅಡ್ಡ ಹಾಕಿ, ಟೈರ್ ಸುಟ್ಟು, ರಟ್ಟಿನ ಡಬ್ಬ ಹರಿದು ಅದರ ಮೇಲೆ ವಿ ವಾಂಟ್ ಜಸ್ಟಿಸ್ ಅಂತ ಬರ್ಕೊಂಡು ನಿಂತಿರ್ತಾರೆ, ಟೀವಿಯವರ ಮೈಕ್ ಕಂಡ ತಕ್ಷಣ ಅವನ ಹತ್ರ ಗನ್ನೇ ಇರ್ಲಿಲ್ಲ, ಕೈ ಎತ್ತಿದ್ದ, ಅಮ್ಮಾ ಅಂತ ಕಿರುಚಿದ್ದು ನಮಗೆ ಕೇಳಿಸ್ತು ಅಂತಾರೆ. ಸತ್ತವನು ನಿಜವಾಗ್ಲೂ ಗುಂಡು ಹಾರಿಸಿರಬಹುದು, ಹಾರಿಸದೇನೂ ಇರಬಹುದು. ಆದ್ರೆ ಪೊಲೀಸರ ಹೇಳಿಕೆ ಪ್ರತಿ ಸಲ ಒಂದೇ ಥರ ಇದ್ರೆ, ನಿಜ ಹೇಳಿದ ದಿನಾನೂ ಅದನ್ನ ನಂಬೋರು ಇರಲ್ಲ. ನನ್ನ ಪ್ರಕಾರ ಅಲ್ಲಿನ ಪೊಲೀಸರು ಕಳ್ಕೊಂಡಿರೋ ದೊಡ್ಡ ಆಸ್ತಿ ಇದೇ, ಮಾತಿನ ಬೆಲೆ.

ಇದಕ್ಕೆ ಎರಡು ಉದಾಹರಣೆ ಸಾಕು. 2001ರ ಮಾರ್ಚ್‌ನಲ್ಲಿ ಬ್ರೇಟನ್ ಅನ್ನೋ ಬಡಾವಣೆಯ ಒಂದು ಮನೇಲಿ ಏಳು ಹುಡುಗರು ಪೊಲೀಸ್ ಗುಂಡಿಗೆ ಸತ್ರು, ಚಿಕ್ಕವನಿಗೆ 15 ವರ್ಷ. ಎನ್‌ಕೌಂಟರ್ ಅಂತ ಇಲಾಖೆ, ಬೇಡ್ಕೊಳ್ತಿದ್ದಿದ್ದು ಕೇಳಿಸ್ತು ಅಂತ ಅಕ್ಕಪಕ್ಕದವರು. ಕೋರ್ಟಿಗೆ ಹೋಯ್ತು, ಯಾರಿಗೂ ಶಿಕ್ಷೆ ಆಗ್ಲಿಲ್ಲ. ಆ ಮನೆಗೆ ಹೋಗಿದ್ದ ಪೊಲೀಸ್ ತಂಡದ ಮುಖ್ಯಸ್ಥ ರೆನೆಟೊ ಆಡಮ್ಸ್, ಕಪ್ಪು ಕನ್ನಡಕ ಹಾಕ್ಕೊಂಡು ಓಡಾಡ್ತಿದ್ದ ಅಧಿಕಾರಿ, ಇನ್ನೊಂದು ಕೇಸಲ್ಲಿ 2003ರಲ್ಲಿ ನಾಲ್ಕು ಜನ ಸತ್ತಿದ್ದಕ್ಕೆ ಕೊಲೆ ಆರೋಪ ಎದುರಿಸಿ 2005ರಲ್ಲಿ ಖುಲಾಸೆ ಆದ್ರು. ಆದ್ರೆ ಅವರು ಅಲ್ಲಿನ ಎಷ್ಟೋ ಜನಕ್ಕೆ ಹೀರೋ! ಇವರನ್ನೇ ಕಮಿಷನರ್ ಮಾಡ್ಬೇಕು ಅಂತ ಕೇಳ್ತಿದ್ದ ಅಂಗಡಿಯವರು, ಟ್ಯಾಕ್ಸಿಯವರು ಎಷ್ಟೋ ಜನ. ಇದನ್ನ ಮರೆತು ಜಮೈಕಾದ ಜನ ಪೊಲೀಸರನ್ನ ದ್ವೇಷಿಸ್ತಾರೆ ಅಂತ ಒಂದೇ ಮಾತಲ್ಲಿ ಹೇಳಿದ್ರೆ ತಪ್ಪಾಗುತ್ತೆ. ಸುಮಾರು 28 ಲಕ್ಷ ಜನ ಇರೋ ದೇಶ ಅದು, ಎಷ್ಟೋ ವರ್ಷ ಸಾವಿರಕ್ಕೂ ಹೆಚ್ಚು ಕೊಲೆ. ಅಂಥ ಕಡೆ ಮಗಳು ಟ್ಯೂಷನ್‌ಗೆ ಹೋಗಿ ವಾಪಸ್ ಬರ್ತಾಳಾ ಅಂತ ಬಾಗಿಲಲ್ಲಿ ನಿಂತಿರೋ ಅಪ್ಪನಿಗೆ ಕೋರ್ಟು, ಸಾಕ್ಷಿ, ಕಾನೂನು ಅನ್ನೋ ತಾಳ್ಮೆ ಎಲ್ಲಿಂದ ಬರ್ಬೇಕು?

ಇನ್ನೊಂದು, ಟಿವೊಲಿ ಗಾರ್ಡನ್ಸ್. ಪಶ್ಚಿಮ ಕಿಂಗ್‌ಸ್ಟನ್‌ನ ಕೇರಿ, ಒಂದೇ ಪಕ್ಷಕ್ಕೆ ಓಟು ಹಾಕೋ ಕೋಟೆ, ಅಲ್ಲಿ ಅಂಥ ಜಾಗಕ್ಕೆ ಗ್ಯಾರಿಸನ್ ಅಂತಾರೆ. ಅಲ್ಲಿನ ಡಾನ್ ಕ್ರಿಸ್ಟೋಫರ್ ಕೋಕ್, ಜನ ಕರೆಯೋದು ಡುಡಸ್ ಅಂತ. ಶಾಲೆ ಫೀಸು ಕೊಡ್ತಿದ್ದ, ಕಳ್ಳತನ ಆದ್ರೆ ಪಂಚಾಯ್ತಿ ಮಾಡ್ತಿದ್ದ, ತೀರ್ಪು ಮೀರಿದ್ರೆ ಕೈಕಾಲು ಮುರಿಸ್ತಿದ್ದ. 2009ರಲ್ಲಿ ಅಮೆರಿಕ ಅವನನ್ನ ಒಪ್ಪಿಸಿ ಅಂತ ಕೇಳಿತ್ತು, 2010ರ ಮೇನಲ್ಲಿ ಜಮೈಕಾ ಸರ್ಕಾರ ಅದಕ್ಕೆ ಒಪ್ಪಿದಾಗ ಬಿಳಿ ಬಟ್ಟೆ ಹಾಕ್ಕೊಂಡ ಹೆಂಗಸರು ಯೇಸು ನಮಗೋಸ್ಕರ ಸತ್ತ, ನಾವು ಡುಡಸ್‌ಗೋಸ್ಕರ ಸಾಯ್ತೀವಿ ಅಂತ ಬೋರ್ಡ್ ಹಿಡಿದು ಮೆರವಣಿಗೆ ಮಾಡಿದ್ರು. ಆ ಬೋರ್ಡ್‌ನ ಫೋಟೋ ನೋಡಿದಾಗೆಲ್ಲ ನನಗೆ ಹೊಟ್ಟೇಲಿ ಏನೋ ಆಗುತ್ತೆ, ಯಾಕಂದ್ರೆ ಸ್ಟೇಷನ್‌ಗೆ ಹೋಗಿ ದೂರು ಕೊಡೋ ಧೈರ್ಯ ಇಲ್ಲದ ಜನ ರೌಡಿಯ ಮಾತನ್ನೇ ಕಾನೂನು ಅಂತ ನಂಬೋ ಹಾಗಾಗಿತ್ತು. ಮೇ 24ಕ್ಕೆ ಸೈನ್ಯ ಮತ್ತು ಪೊಲೀಸ್ ಒಳಗೆ ನುಗ್ಗಿದ್ರು. ಸತ್ತ ನಾಗರಿಕರು ಕನಿಷ್ಠ 69. ಡುಡಸ್ ಸಿಗ್ಲಿಲ್ಲ, ಒಂದು ತಿಂಗಳಾದ್ಮೇಲೆ ರಸ್ತೆ ತಪಾಸಣೇಲಿ ಸಿಕ್ಕ. 2016ರಲ್ಲಿ ವಿಚಾರಣಾ ಆಯೋಗ ಪೊಲೀಸರೂ ಸೈನಿಕರೂ ನಡ್ಕೊಂಡ ರೀತಿ ಬಗ್ಗೆ ಕಟುವಾಗಿ ಬರೀತು. 2017ರಲ್ಲಿ ಪೊಲೀಸ್ ಇಲಾಖೆ ತನ್ನದೇ ಒಳಗಿನ ಪರಿಶೀಲನೆ ಮಾಡಿ ನಮ್ಮ ಅಧಿಕಾರಿಗಳದ್ದು ತಪ್ಪಿಲ್ಲ ಅಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರಧಾನಿ ಆಂಡ್ರೂ ಹೋಲ್ನೆಸ್ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದ್ರು. ಪ್ರಧಾನಿ ಸಾರಿ ಅಂತಾರೆ, ಇಲಾಖೆ ತಪ್ಪೇ ಇಲ್ಲ ಅನ್ನುತ್ತೆ, ಮಗನ್ನ ಕಳ್ಕೊಂಡ ತಾಯಿ ಯಾವುದನ್ನ ಕಿವಿಗೆ ಹಾಕ್ಕೊಳ್ಬೇಕು.

ಇದು ಒಂದು ಕಡೆ. ಇನ್ನೊಂದು ಕಡೆ ಪೊಲೀಸರಿಗೂ ಜನರ ಮಾತು ಬೇಕಲ್ವಾ, ಸಾಕ್ಷಿ ಬೇಕಲ್ವಾ. ಅಲ್ಲಿ ಒಂದು ಗಾದೆ ಇದೆ, ಸೀ ಅಂಡ್ ಬ್ಲೈಂಡ್, ಹಿಯರ್ ಅಂಡ್ ಡೆಫ್ ಅಂತ, ಕಂಡೂ ಕುರುಡ, ಕೇಳಿಯೂ ಕಿವುಡ. ಇನ್ಫಾರ್ಮರ್ ಅನ್ನೋದು ಅಲ್ಲಿ ಕೆಟ್ಟ ಬೈಗುಳ, ಆ ಹೆಸರು ಬಂದ್ರೆ ಜೀವ ಉಳಿಯಲ್ಲ. ಹಾಗಾಗಿ ಹಗಲು ಹೊತ್ತಲ್ಲಿ ಮಾರ್ಕೆಟ್ ಮಧ್ಯೆ ಕೊಲೆ ಆದ್ರೂ ಯಾರೂ ನೋಡಿರಲ್ಲ. ಹೆಸರು ಹೇಳ್ದೆ ಸುಳಿವು ಕೊಡೋಕೆ 311 ಅಂತ ಒಂದು ನಂಬರ್ ಇದೆ, ಅದಕ್ಕೆ ಫೋನ್ ಮಾಡೋರೂ ಇದ್ದಾರೆ, ಆದ್ರೆ ಕೋರ್ಟಲ್ಲಿ ನಿಂತು ಹೇಳೋಕೆ ಹೆಸರು ಬೇಕು, ಮುಖ ಬೇಕು. ಪೊಲೀಸರಲ್ಲೂ ಇದೇ ಕೇರಿಗಳಿಂದ ಬಂದ ಹುಡುಗರು ಹುಡುಗಿಯರು ಎಷ್ಟೋ ಜನ ಇದ್ದಾರೆ, ನಮ್ಮ ಪಕ್ಕದ ಮನೆಯ ಕಾನ್‌ಸ್ಟೇಬಲ್ ಡ್ಯೂಟಿ ಮುಗಿಸಿ ಬರುವಾಗ ಯೂನಿಫಾರ್ಮ್ ಮೇಲೆ ಬೇರೆ ಶರ್ಟ್ ಹಾಕ್ಕೊಂಡೇ ಬರ್ತಿದ್ರು, ಶನಿವಾರ ಅದೇ ಮನುಷ್ಯ ಪೊಲೀಸ್ ಯೂತ್ ಕ್ಲಬ್‌ನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಆಡಿಸೋರು. ಆ ಮಕ್ಕಳು ಅವರನ್ನ ಬ್ಯಾಬಿಲಾನ್ ಅಂತ ಕರೀತಿರ್ಲಿಲ್ಲ.

ನಾನಿದ್ದ ಕಾಲದ ಕಥೆ ಹೇಳ್ತೀನಿ. ಮಾಂಟೆಗೊ ಬೇ ಇರೋದು ಸೇಂಟ್ ಜೇಮ್ಸ್ ಜಿಲ್ಲೇಲಿ, 1.8 ಲಕ್ಷದಷ್ಟು ಜನ. 2017ರಲ್ಲಿ ಆ ಒಂದು ಜಿಲ್ಲೇಲೇ 335 ಕೊಲೆ. 2018ರ ಜನವರಿ 18ಕ್ಕೆ ಸ್ಟೇಟ್ ಆಫ್ ಎಮರ್ಜೆನ್ಸಿ ಹಾಕಿದ್ರು, ಮೂಲೆ ಮೂಲೆಗೂ ಸೈನಿಕರು, ವಾರಂಟ್ ಇಲ್ದೆ ಹಿಡಿಯೋ ಅಧಿಕಾರ. ಕೊಲೆ ಮೂರನೇ ಒಂದು ಭಾಗದ ಆಸುಪಾಸಿಗೆ ಇಳೀತು, ನಮ್ಮ ನೈಟ್ ಶಿಫ್ಟ್ ಹುಡುಗೀರು ಮೊದಲನೇ ಸಲ ರಾತ್ರಿ ಎರಡು ಗಂಟೆಗೆ ಟ್ಯಾಕ್ಸಿ ಸ್ಟ್ಯಾಂಡಲ್ಲಿ ನಗ್ತಾ ನಿಂತಿದ್ದನ್ನ ಕಂಡೆ. ಅದೇ ಟೀಮಲ್ಲಿದ್ದ ಒಬ್ಬ ಹುಡುಗಿಯ ತಮ್ಮ, 19 ವರ್ಷ, ಬಾರ್ಬರ್ ಶಾಪಲ್ಲಿ ಕೆಲಸ, ಅವನನ್ನ ಬೀದಿಯಿಂದ ಎತ್ಕೊಂಡು ಹೋಗಿ ಮೂರು ವಾರ ಒಂದು ಲಾಕಪ್‌ನಲ್ಲಿ ಇಟ್ರು, ಯಾವ ಕೇಸೂ ಇಲ್ಲ. ಇವಳು ಶಿಫ್ಟ್ ಮುಗಿಸಿ ಬೆಳಿಗ್ಗೆ ಥರ್ಮೋಕೋಲ್ ಡಬ್ಬೀಲಿ ಅನ್ನ, ಅಲ್ಲಿನವರು ಪೀಸ್ ಅಂತ ಕರೆಯೋ ರಾಜ್ಮಾ ಥರದ ಕಾಳು, ಒಂದು ತುಂಡು ಚಿಕನ್ ಹಾಕ್ಕೊಂಡು ಹೋಗಿ ಬಿಸಿಲಲ್ಲಿ ಸಾಲು ನಿಲ್ಲೋಳು. ಪೊಲೀಸರು ಡಬ್ಬಿ ತಗೊಂಡು ಚಮಚದಲ್ಲಿ ಅನ್ನ ಕೆದಕಿ ನೋಡಿ ಒಳಗೆ ಕಳಿಸೋರು, ತಮ್ಮನ್ನ ತೋರಿಸ್ತಿರ್ಲಿಲ್ಲ, ಯಾವಾಗ ಬಿಡ್ತೀರ ಅಂದ್ರೆ ಉತ್ತರ ಇಲ್ಲ. ಅವನು ಹೊರಗೆ ಬಂದಾಗ ಮೈ ತುಂಬಾ ತುರಿ ಎದ್ದಿತ್ತು. ಡಿಸೆಂಬರ್‌ನಲ್ಲಿ ಎಮರ್ಜೆನ್ಸಿ ಮುಂದುವರಿಸೋಕೆ ಪಾರ್ಲಿಮೆಂಟಲ್ಲಿ ವಿರೋಧ ಪಕ್ಷ ಒಪ್ಲಿಲ್ಲ ಅಂತ ಸುದ್ದಿ ಬಂದ ದಿನ ನಾನು ಇವಳಿಗೆ, ಸದ್ಯ ಮುಗೀತಲ್ಲ, ನಿಮಗೆ ಸಮಾಧಾನನಾ ಅಂದೆ. ಅವಳು ಹೆಡ್‌ಸೆಟ್ ತೆಗೆದಿಟ್ಟು, ನಮ್ಮಮ್ಮ ಅಳ್ತಿದ್ದಾಳೆ ಸರ್, ಸೈನಿಕರು ಹೋದ್ರೆ ಮತ್ತೆ ಗನ್ ಬರುತ್ತೆ ಅಂತ, ಅಂದ್ಲು.

ಸರ್ವೆ ಮಾಡೋರು ಪೊಲೀಸರ ಮೇಲೆ ನಂಬಿಕೆ ಇದ್ಯಾ ಇಲ್ವಾ ಅಂತ ಕೇಳ್ತಾರಲ್ಲ, ಆ ತಾಯಿ ಏನಂತ ಟಿಕ್ ಹಾಕ್ಬೇಕು ಹೇಳಿ. ಎರಡಕ್ಕೂ ಹಾಕ್ಬೇಕಾಗುತ್ತೆ. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಥರ ಹಿಡಿದಿಟ್ಟಿದ್ದ ಐದು ಜನರ ವಿಷಯದಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಂತು, ಒಳ್ಳೇದಾಯ್ತು, ಆದ್ರೆ ಆ ಬೀದಿಯ ಭಯಕ್ಕೆ ಕೋರ್ಟ್ ಹತ್ರ ಔಷಧಿ ಇಲ್ಲ.

ಸುಧಾರಣೆ ಆಗೇ ಇಲ್ಲ ಅಂತಲ್ಲ. 2010ರಲ್ಲಿ ಇಂಡೆಕಾಮ್ ಅಂತ ಸ್ವತಂತ್ರ ಸಂಸ್ಥೆ ಬಂತು, ಪೊಲೀಸ್ ಗುಂಡು ಹಾರಿದ ಜಾಗಕ್ಕೆ ಅವರೇ ಹೋಗಿ ತನಿಖೆ ಮಾಡ್ತಾರೆ. 2013ರಲ್ಲಿ ಭದ್ರತಾ ಪಡೆಗಳ ಕೈಲಿ ಸತ್ತೋರು 258, ಮಾರನೇ ವರ್ಷ ಅದು ಅರ್ಧಕ್ಕಿಂತ ಕಡಿಮೆ ಆಯ್ತು. ಯಾರೋ ನೋಡ್ತಿದ್ದಾರೆ ಅನ್ನೋದೇ ಕೆಲಸ ಮಾಡ್ತು ಅಂತ ನಾನು ನಂಬ್ತೀನಿ. ಆಮೇಲೆ 2020ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದ್ರೆ ಜಮೈಕಾದ ಕೊನೇ ಮೇಲ್ಮನವಿ ಕೋರ್ಟು, ಇಂಡೆಕಾಮ್‌ಗೆ ಅರೆಸ್ಟ್ ಮಾಡಿ ಚಾರ್ಜ್ ಹಾಕೋ ಅಧಿಕಾರ ಇಲ್ಲ ಅಂತ ಹೇಳ್ತು. 2024ರಲ್ಲಿ ಭದ್ರತಾ ಪಡೆಗಳ ಕೈಲಿ ಸತ್ತೋರು 189. 2025ರಲ್ಲಿ 258ನ್ನೂ ದಾಟಿತು. ಅದೇ 2025ರಲ್ಲಿ ದೇಶದ ಒಟ್ಟು ಕೊಲೆ 700ಕ್ಕಿಂತ ಕೆಳಗೆ ಇಳೀತು, ಮೂರು ದಶಕದಲ್ಲೇ ಕಡಿಮೆ. ಪೊಲೀಸರು ಈ ಲೆಕ್ಕ ತೋರಿಸ್ತಾರೆ, ಮಾನವ ಹಕ್ಕಿನವರು ಆ ಲೆಕ್ಕ ತೋರಿಸ್ತಾರೆ, ಪ್ಲಾನ್ ಮಾಡಿ ಹೋಗೋ ಕಾರ್ಯಾಚರಣೇಲೂ ಪೊಲೀಸರ ಎದೆ ಮೇಲೆ ಕ್ಯಾಮೆರಾ ಯಾಕಿಲ್ಲ ಅಂತ ಇಂಡೆಕಾಮ್ ಕೇಳ್ತಾನೇ ಇದೆ. ನನಗೂ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಕ್ಕಾಗಲ್ಲ. ಕೊಲೆ ಕಮ್ಮಿಯಾಗಿರೋದು ದೊಡ್ಡ ವಿಷಯ, ಅದನ್ನ ಸಣ್ಣದು ಮಾಡೋ ಹಕ್ಕು ದೂರ ಕೂತಿರೋ ನನಗಿಲ್ಲ, ಆದ್ರೆ ಹೇಳಿಕೆ ನಿಜ ಆಗಿದ್ರೆ ಅದನ್ನ ತೋರಿಸೋ ಕ್ಯಾಮೆರಾಗೆ ಭಯ ಯಾಕೆ?

2025ರ ಅಕ್ಟೋಬರ್ 28ಕ್ಕೆ ಮೆಲಿಸಾ ಚಂಡಮಾರುತ ಆ ಪಶ್ಚಿಮ ಭಾಗಕ್ಕೆ ಹೊಡೀತಲ್ಲ, ಆಗ ಆ ಹುಡುಗಿಗೆ ಫೋನ್ ಮಾಡ್ದೆ, ಕರೆಂಟ್ ಇಲ್ದೆ ಎಷ್ಟೋ ದಿನ ಆದ್ಮೇಲೆ ಸಿಕ್ಕಿದ್ಲು. ಛಾವಣಿಯ ಜಿಂಕ್ ಶೀಟ್ ಅರ್ಧ ಹಾರೋಗಿದೆ, ಎಲ್ರೂ ಜೀವಂತ ಇದ್ದೀವಿ ಅಂದ್ಲು. ಅಮ್ಮ ಹೇಗಿದ್ದಾರೆ ಅಂದೆ. ಅಮ್ಮ ಈಗ ರಾತ್ರಿ ಹತ್ತರ ತನಕ ವೆರಾಂಡದಲ್ಲಿ ಗ್ರಿಲ್ ಬಾಗಿಲು ತೆಗೆದಿಟ್ಕೊಂಡು ಕೂತಿರ್ತಾಳೆ ಸರ್, ಮೊದ್ಲು ಸಂಜೆ ಆರಕ್ಕೇ ಬೀಗ ಹಾಕ್ತಿದ್ಲಲ್ಲ, ಈಗ ಗುಂಡಿನ ಸದ್ದಿಲ್ಲ ಅಂತ. ತಮ್ಮ? ತಮ್ಮ ಕತ್ತಲಾಗೋಕೆ ಮುಂಚೆ ಒಳಗೆ ಬಂದುಬಿಡ್ತಾನೆ, ಜೀಪ್ ಸದ್ದು ಕೇಳಿದ್ರೆ ಹಿಂದಿನ ರೂಮಿಗೆ ಹೋಗ್ತಾನೆ, ಅಂದ್ಲು.

ನನ್ನ ಮಾತು ಇಷ್ಟೇ. ಪ್ರಶ್ನೆ ಇರೋರು ಕೈ ಎತ್ತಿ, ಮೈಕ್ ಕೊಡ್ತಾರೆ.