ರೀಸ್ಟಾರ್ಟ್ ಮಾಡುವ ಮುಂಚೆ ಒಂದು ಸಲ ನೋಡಿ

ಕೇಳುಗರಿಗೆ ನಮಸ್ಕಾರ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮಿಲ್ಲು, ಆಸ್ಪತ್ರೆ, ಕಾಲೇಜುಗಳಲ್ಲಿ ಒಂದೋ ಎರಡೋ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಹುಡುಗ ಹುಡುಗಿಯರಿದ್ದೀರಲ್ಲ, ಇವತ್ತಿನ ಮಾತು ನಿಮಗೆ. ಹೇಳುವುದು ಒಂದೇ ವಿಷಯ. ಸರ್ವರ್ ನಿಧಾನ ಆಯ್ತು ಅಂತ ಫೋನ್ ಬಂದ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ಮೊದಲು ನೋಡಿ.

ಏನು ನೋಡುವುದು? ಟಾಪ್ ಅಂತ ಟೈಪ್ ಮಾಡಿ. ಮೇಲಿನ ಸಾಲಿನ ಕೊನೆಯಲ್ಲಿ ಲೋಡ್ ಆವರೇಜ್ ಅಂತ ಮೂರು ಅಂಕಿ ಇರುತ್ತವೆ. ಕಳೆದ 1, 5 ಮತ್ತು 15 ನಿಮಿಷದವು. ಓಡುತ್ತಿರುವ, ಸರದಿಗೆ ಕಾಯುತ್ತಿರುವ ಪ್ರೊಸೆಸ್‌ಗಳು, ಅಂದರೆ ಪ್ರೋಗ್ರಾಂಗಳು, ಸರಾಸರಿ ಎಷ್ಟು ಅನ್ನುವ ಲೆಕ್ಕ ಅದು. ಈ ಅಂಕಿ ಏರಿದರೆ ಸಿಪಿಯುಗೆ ಕೆಲಸ ಜಾಸ್ತಿಯಾಗಿದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಯಾವಾಗಲೂ ಹಾಗಲ್ಲ. ಡಿಸ್ಕ್‌ಗಾಗಿ ಕಾಯುತ್ತಿರುವ ಪ್ರೊಸೆಸ್‌ಗಳನ್ನೂ ಲಿನಕ್ಸ್ ಇದರಲ್ಲೇ ಎಣಿಸುತ್ತದೆ. ಸುಗ್ಗಿಯಲ್ಲಿ ಗಂಗಾವತಿ ಮಿಲ್ಲುಗಳ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿರುತ್ತವೆ. ಸಾಲು ಉದ್ದ ಇದೆ ಅಂದರೆ ತೂಕದವನಿಗೆ ಪುರುಸೊತ್ತಿಲ್ಲ ಅಂತಲೇ ಅಲ್ಲ. ಹಮಾಲರೇ ಬಂದಿಲ್ಲದಿರಬಹುದು, ಅಲ್ವಾ?

ಅದೇ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನ ಕಥೆ ಹೇಳುತ್ತೇನೆ. ಬಿಲ್ಲಿಂಗ್ ಸರ್ವರ್ ದಿನಾ ಬೆಳಗ್ಗೆ ತೆವಳುತ್ತಿತ್ತು. ಅಕೌಂಟ್ಸ್ ಹುಡುಗ ಬಂದವನೇ ರೀಸ್ಟಾರ್ಟ್ ಮಾಡುತ್ತಿದ್ದ. ಸರಿಹೋಗುತ್ತಿತ್ತು! ಸಂಜೆವರೆಗೂ ತೊಂದರೆ ಇಲ್ಲ. ಮರುದಿನ ಮತ್ತೆ ಅದೇ ರಾಗ. ಯಾರೋ ರ‍್ಯಾಮ್ ಹಾಕಿಸಿ ಅಂದರು, ಹಾಕಿಸಿದರು. ಇನ್ಯಾರೋ ಸರ್ವರೇ ಹಳೆಯದು ಅಂದರು, ಹೊಸದಕ್ಕೆ ಕೊಟೇಶನ್ನೂ ಬಂತು. ಆಮೇಲೆ ನನ್ನನ್ನು ಕರೆದರು. ನಾನು ಬರುವವರೆಗೆ ಯಾರೂ ಅದನ್ನು ಮುಟ್ಟಬೇಡಿ ಅಂದೆ.

ಹೋಗಿ ಟಾಪ್ ನೋಡಿದೆ. ನಾಲ್ಕು ಕೋರಿನ ಯಂತ್ರ, ಲೋಡ್ 20ರ ಹತ್ತಿರ. ಆದರೆ ಸಿಪಿಯು ಸಾಲಿನಲ್ಲಿ ಯುಎಸ್, ಅಂದರೆ ಪ್ರೋಗ್ರಾಂಗಳಿಗಾಗಿ ಸಿಪಿಯು ದುಡಿದ ಪಾಲು, ಶೇಕಡಾ ಎರಡೋ ಮೂರೋ. ಡಬ್ಲ್ಯೂಎ, ಅಂದರೆ ಡಿಸ್ಕ್ ಕೆಲಸ ಮುಗಿಯಲಿ ಅಂತ ಕಾದ ಪಾಲು ಮಾತ್ರ ಮೇಲೆ ಹತ್ತಿ ಕೂತಿದೆ. ಅಂದರೆ ಸಿಪಿಯು ಖಾಲಿ, ಎಲ್ಲರೂ ಎಲ್ಲೋ ಕಾಯುತ್ತಿದ್ದಾರೆ. ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಕೊಟ್ಟೆ. ಡಿ ಸ್ಟೇಟ್‌ನಲ್ಲಿ, ಅಂದರೆ ಡಿಸ್ಕ್‌ಗಾಗಿ ಕಾಯುತ್ತಾ ಸಿಕ್ಕಿಬಿದ್ದ ಪ್ರೊಸೆಸ್‌ಗಳಲ್ಲಿ ಮೊದಲನೆಯದೇ ಬ್ಯಾಕಪ್! ರಾತ್ರಿ ಶುರುವಾದದ್ದು ಬೆಳಗಾದರೂ ಮುಗಿದಿಲ್ಲ. ಪಕ್ಕದ ರೂಮಿನ ಸ್ಟೋರೇಜ್‌ಗೆ ಎನ್‌ಎಫ್‌ಎಸ್ ಮೂಲಕ, ಅಂದರೆ ನೆಟ್‌ವರ್ಕ್ ಆಚೆಯ ಡಿಸ್ಕನ್ನು ತನ್ನದೇ ಡಿಸ್ಕಿನಂತೆ ಬಳಸಿಕೊಂಡು, ಕಾಪಿ ಆಗುತ್ತಿತ್ತು. ನೆಟ್‌ವರ್ಕ್ ಕಾರ್ಡಿನ ಸ್ಥಿತಿ ಹೇಳುವ ಈಥ್‌ಟೂಲ್ ಕೊಟ್ಟರೆ, ಸ್ಪೀಡ್ 1000 ಮೆಗಾಬಿಟ್, ಅಂದರೆ ಒಂದು ಗಿಗಾಬಿಟ್ ಇರಬೇಕಾದಲ್ಲಿ 100 ಅಂತ ತೋರಿಸಿತು. ಕೇಬಲ್ ಹಿಡಿದುಕೊಂಡು ಹೋದೆ. ಬಾಗಿಲ ಸಂದಿಯಲ್ಲಿ ಜಜ್ಜಿಹೋಗಿತ್ತು. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೊತೆ ತಂತಿ ಬೇಕು, 100ಕ್ಕೆ ಎರಡು ಜೊತೆ ಸಾಕು. ಹಾಗಾಗಿ ಲಿಂಕ್ ಕಟ್ ಆಗಿರಲಿಲ್ಲ, ಸುಮ್ನೆ 100ಕ್ಕೆ ಇಳಿದಿತ್ತು. ಸೆಕೆಂಡಿಗೆ ನೂರು ಎಂಬಿ ಹೋಗಬೇಕಾದಲ್ಲಿ ಹನ್ನೆರಡೂ ಹೋಗುತ್ತಿರಲಿಲ್ಲ.

ರೀಸ್ಟಾರ್ಟ್ ಮಾಡಿದರೆ ಯಾಕೆ ಸರಿಹೋಗುತ್ತಿತ್ತು, ಗೊತ್ತಾಯ್ತಾ? ಬ್ಯಾಕಪ್ ಅರ್ಧಕ್ಕೇ ಸಾಯುತ್ತಿತ್ತು, ಕಾಯುವ ಸಾಲು ಕರಗುತ್ತಿತ್ತು. ಅಷ್ಟು ದಿನದಲ್ಲಿ ಒಂದೂ ಪೂರ್ತಿ ಬ್ಯಾಕಪ್ ಇಲ್ಲ. ನಡುವೆ ಡಿಸ್ಕ್ ಕೈಕೊಟ್ಟಿದ್ದರೆ ಆ ಸುಗ್ಗಿಯ ಲೆಕ್ಕವೆಲ್ಲ ತುಂಗಭದ್ರೆ ಪಾಲು. ಹೊಸ ಕೇಬಲ್‌ಗೆ ಆದದ್ದು ಒಂದು ಊಟದ ದುಡ್ಡು. ಅದಕ್ಕೇ ಬಡಿದುಕೊಳ್ಳುವುದು, ಮೊದಲು ನೋಡಿ ಅಂತ.

ಅಯ್ಯೋ, ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಬೇಗ ಹೇಳುತ್ತೇನೆ. ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್‌ನಲ್ಲಿ ಫ್ರೀ ಕಾಲಂನ ಅಂಕಿ ಚಿಕ್ಕದಿದೆ ಅಂತ ಗಾಬರಿ ಬೇಡ, ಅವೈಲಬಲ್ ಕಾಲಂ ನೋಡಿ. ಡಿಸ್ಕ್‌ನಲ್ಲಿ ಜಾಗ ಇದ್ದೂ ಫೈಲ್ ಬರೆಯಲು ಆಗುತ್ತಿಲ್ಲ ಅಂದರೆ ಡಿಎಫ್ ಕಮಾಂಡ್ ಆದಮೇಲೆ ಮೈನಸ್ ಐ ಹಾಕಿ, ಐನೋಡ್, ಅಂದರೆ ಪ್ರತಿ ಫೈಲಿಗೂ ಬೇಕಾದ ದಾಖಲೆಯ ಜಾಗ, ಮುಗಿದಿರಬಹುದು. ಕ್ಲಸ್ಟರ್, ಅಂದರೆ ಒಟ್ಟಿಗೆ ದುಡಿಯುವ ಹಲವು ಸರ್ವರ್ ಇದ್ದವರಿಗೆ, ಅವುಗಳ ಮೇಲೆ ಕಣ್ಣಿಡಲು ಪ್ರೊಮಿಥಿಯಸ್, ಗ್ರಫಾನಾ ಇವೆ. ಅದನ್ನು ಇನ್ನೊಂದು ಸಲ ಮಾತಾಡೋಣ.

ನೀವು ಹೋಗುವಷ್ಟರಲ್ಲಿ ಯಾರೋ ರೀಸ್ಟಾರ್ಟ್ ಮಾಡಿಬಿಟ್ಟಿದ್ದರೆ? ಅದಕ್ಕೆ ಸಿಸ್‌ಸ್ಟ್ಯಾಟ್ ಪ್ಯಾಕೇಜನ್ನು ಇವತ್ತೇ ಹಾಕಿಡಿ. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲದರ ಲೆಕ್ಕವನ್ನು 10 ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಸಾರ್ ಕಮಾಂಡ್ ಕೊಟ್ಟರೆ ನಿನ್ನೆ ಬೆಳಗ್ಗೆ ಒಂಬತ್ತಕ್ಕೆ ಏನಾಗಿತ್ತು ಅಂತಲೂ ನೋಡಬಹುದು. ಉಬುಂಟುನಲ್ಲಿ ಹಾಕಿದ ಮಾತ್ರಕ್ಕೆ ಅದು ಬರೆಯಲು ಶುರು ಮಾಡದಿದ್ದರೆ, ಈಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರ್‌ನಲ್ಲಿ ಸಿಸ್‌ಸ್ಟ್ಯಾಟ್ ಫೈಲ್ ತೆಗೆದು ಎನೇಬಲ್ಡ್ ಅನ್ನುವುದನ್ನು ಟ್ರೂ ಮಾಡಿ, ಆ ಸರ್ವಿಸ್ ರೀಸ್ಟಾರ್ಟ್ ಮಾಡಿ. ಹ್ಞಾಂ, ಆ ರೀಸ್ಟಾರ್ಟ್‌ಗೆ ಮಾತ್ರ ನನ್ನ ಅಡ್ಡಿ ಇಲ್ಲ. ನಮಸ್ಕಾರ.