ಹಸಿರು ಕಣ್ಣಿನ ರಾಕ್ಷಸ: ಎಚ್ಚರಿಸಿದ್ದು ಯಾರು?

ನಮಸ್ಕಾರ. ಅಸೂಯೆಗೆ ಇಂಗ್ಲಿಷ್‌ನಲ್ಲಿ ‘ಗ್ರೀನ್ ಐಡ್ ಮಾನ್‌ಸ್ಟರ್’ ಅಂತಾರೆ. ಹಸಿರು ಕಣ್ಣಿನ ರಾಕ್ಷಸ. ಶೇಕ್ಸ್‌ಪಿಯರ್ ಹೇಳಿದ್ದು ಅಂತ ಎಲ್ಲರೂ ಸೇರಿಸುತ್ತಾರೆ. ಯಾರ ಬಾಯಲ್ಲಿ ಹೇಳಿಸಿದ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಬಣ್ಣದ ವಿಷಯ ಬೇಗ ಮುಗಿಸೋಣ. ‘ದಿ ಮರ್ಚೆಂಟ್ ಆಫ್ ವೆನಿಸ್’ 1600ರಲ್ಲಿ ಅಚ್ಚಾಯಿತು. ಅವನದ್ದೇ ಆ ನಾಟಕದಲ್ಲಿ ನಾಯಕಿ ಪೋರ್ಷಿಯಾ ಅಸೂಯೆಯನ್ನು ಹಸಿರು ಕಣ್ಣಿನದು ಅಂದಿದ್ದಳು. ರಾಕ್ಷಸ ಬಂದದ್ದು ಆಮೇಲೆ, ‘ಒಥೆಲೊ’ದಲ್ಲಿ. ಆ ನಾಟಕ 1604ರ ನವೆಂಬರ್ 1ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ನಡೆದಿದ್ದಕ್ಕೆ ದಾಖಲೆ ಇದೆ. ತಾನು ತಿನ್ನುವ ಮಾಂಸವನ್ನೇ ಅಣಕಿಸುವ ರಾಕ್ಷಸ ಅಂತ ಅಲ್ಲಿದೆ. ಇಲಿಯನ್ನು ಆಟವಾಡಿಸಿ ಕೊಲ್ಲುವ ಬೆಕ್ಕಿನ ಚಿತ್ರ ಇದು ಅಂತ ಹಲವರು ಅರ್ಥ ಮಾಡುತ್ತಾರೆ.

ಈ ಮಾತನ್ನು ಹೇಳುವವನು ಇಯಾಗೊ. ಸೇನಾಪತಿ ಒಥೆಲೊನ ಕೈಕೆಳಗಿನ ಸೈನಿಕ. ತನಗೆ ಸಿಗಬೇಕಾದ ಹುದ್ದೆ ಕ್ಯಾಸಿಯೊಗೆ ಹೋಯಿತು ಅಂತ ಕುದಿಯುತ್ತಿರುವವನು. ತನ್ನ ಹೆಂಡತಿ ಎಮಿಲಿಯಾಗೂ ಒಥೆಲೊಗೂ ಸಂಬಂಧ ಇರಬಹುದು ಅನ್ನುವ ಸಂಶಯ ಬೇರೆ. ಆ ಸಂಶಯ ವಿಷದ ಹಾಗೆ ಕರುಳು ಕೊರೆಯುತ್ತಿದೆ ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಅಂದರೆ ಆ ರಾಕ್ಷಸ ಅವನಿಗೆ ಚೆನ್ನಾಗಿ ಗೊತ್ತು.

ಆಗಿನ್ನೂ ಒಥೆಲೊ ತನ್ನ ಹೆಂಡತಿ ಡೆಸ್ಡಿಮೋನಾಳ ಮೇಲೆ ಒಂದೇ ಒಂದು ಆರೋಪ ಮಾಡಿಲ್ಲ, ಗಮನಿಸಿ. ‘ಸ್ವಾಮಿ, ಅಸೂಯೆ ಬಗ್ಗೆ ಎಚ್ಚರ, ಅದು ಹಸಿರು ಕಣ್ಣಿನ ರಾಕ್ಷಸ’ ಅಂತ ಇವನೇ ಮೇಲೆ ಬಿದ್ದು ಹೇಳುತ್ತಾನೆ. ಯಾಕೆ? ಸಂಶಯ ಪಡುವಂಥದ್ದು ಏನೋ ಇದೆ ಅಂತ ಒಥೆಲೊಗೆ ಅನ್ನಿಸಲಿ ಅಂತ. ಹಿತೈಷಿಯ ಎಚ್ಚರಿಕೆ ಅಲ್ಲ ಅದು, ಸಂಶಯ ಬಿತ್ತುವ ಕೆಲಸ. ಆಮೇಲೆ ಡೆಸ್ಡಿಮೋನಾಳ ಕೈ ಜಾರಿದ ಒಂದು ಕರವಸ್ತ್ರ ಸಾಕಾಯಿತು, ಒಥೆಲೊ ಅವಳನ್ನು ಕೊಲ್ಲಲು! ನಾವು ಆ ಮಾತನ್ನು ಸುಭಾಷಿತದ ಹಾಗೆ ಹೇಳಿಕೊಂಡು ಓಡಾಡುತ್ತೇವೆ. ನನಗೆ ಇದು ನಿಜಕ್ಕೂ ಬೇಜಾರು. ‘ಹಣ ಕದ್ದರೆ ಕಸ ಕದ್ದ ಹಾಗೆ, ಒಳ್ಳೆಯ ಹೆಸರು ಕದ್ದರೆ ನಾನು ಬಡವ’ ಅನ್ನುವ ಪ್ರಸಿದ್ಧ ಮಾತೂ ಇವನದ್ದೇ, ಅದೇ ದೃಶ್ಯದ್ದೇ. ಬೇರೆಯವರ ಹೆಸರು ಕೆಡಿಸುತ್ತಲೇ ಹೇಳಿದ್ದು.

ಮುಂದಿನ ದೃಶ್ಯದಲ್ಲಿ ಎಮಿಲಿಯಾ ಬಾಯಲ್ಲೂ ಒಂದು ರಾಕ್ಷಸ ಬರುತ್ತದೆ. ಒಥೆಲೊಗೆ ಸಂಶಯ ಪಡುವ ಕಾರಣ ತಾನು ಕೊಟ್ಟೇ ಇಲ್ಲ ಅಂತ ಡೆಸ್ಡಿಮೋನಾ ಅಳಲು ತೋಡಿಕೊಳ್ಳುತ್ತಾಳೆ. ಸಂಶಯದ ಮನಸ್ಸಿಗೆ ಕಾರಣವೇ ಬೇಡ, ಅದು ತನ್ನಿಂದ ತಾನೇ ಹುಟ್ಟುವ ರಾಕ್ಷಸ ಅನ್ನುತ್ತಾಳೆ ಎಮಿಲಿಯಾ. ಇಯಾಗೊನ ಜೊತೆ ಸಂಸಾರ ಮಾಡಿದವಳು, ಅವಳಿಗೆ ಗೊತ್ತಿರದೆ ಇರುತ್ತಾ? ಕೊನೆಗೆ ಗಂಡನ ಸಂಚನ್ನು ಎಲ್ಲರ ಮುಂದೆ ಬಯಲು ಮಾಡಿ, ಅವನ ಕೈಯಲ್ಲೇ ಸಾಯುತ್ತಾಳೆ.

ಅಸೂಯೆ ಬಗ್ಗೆ ಆ ನಾಟಕದಿಂದ ಒಂದೇ ಮಾತು ಇಟ್ಟುಕೋ ಅಂದರೆ, ನಾನು ಎಮಿಲಿಯಾಳ ಮಾತು ಇಟ್ಟುಕೊಳ್ಳುತ್ತೇನೆ.